ದುಬೈಗಿಂತ ದೂರವಾದ ದೇವನಹಳ್ಳಿ: ಹಾವೇರಿ ಸೀಮೆಯ ವಿದೇಶಯಾನಿಗಳ ಸಂಪರ್ಕ ಸಂಕಟ

ಹಾನಗಲ್ಲಿನಲ್ಲಿ ರಾತ್ರಿ ಬಸ್ಸು ಹತ್ತಿದ ಪ್ರಯಾಣಿಕನು ಬೆಂಗಳೂರು ತಲುಪಲು ಸುಮಾರು ಏಳೆಂಟು ತಾಸು ಬೇಕು. ದೇವನಹಳ್ಳಿಯಿಂದ ಮೇಲೇರಿದ ವಿಮಾನವು ದುಬೈ ಮುಟ್ಟಲು ಸುಮಾರು ನಾಲ್ಕು ತಾಸು ಸಾಕು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ವಿದೇಶಕ್ಕೆ ಹೊರಡುವವರ ಸಂಕಟವನ್ನು ಈ ಎರಡು ಅಂಕಿಗಳೇ ಹೇಳಿಬಿಡುತ್ತವೆ. ವಿಮಾನಯಾನದ ಪರಿಭಾಷೆಯಲ್ಲಿ ‘ಸಂಪರ್ಕ ವಿಮಾನ’ ಎಂದರೆ ದೋಹಾದಲ್ಲಿಯೋ ಅಬುಧಾಬಿಯಲ್ಲಿಯೋ ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹಿಡಿಯುವುದು. ಈ ಸೀಮೆಯವರಿಗಾದರೋ ಅತಿ ಕಠಿಣವಾದ ಸಂಪರ್ಕವಿರುವುದು ಊರ ಬಸ್ ನಿಲ್ದಾಣಕ್ಕೂ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ನಡುವೆ.

ಸಮುದ್ರ ದಾಟುವುದು ಈ ನೆಲಕ್ಕೆ ಹೊಸದಲ್ಲ. ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ, ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನವನ್ನು ಕನ್ನಡಕ್ಕೆ ಕೊಟ್ಟರು. ಅಂದು ವಿದೇಶಯಾನ ಕೆಲವರ ಭಾಗ್ಯವಾಗಿತ್ತು. ಇಂದು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರು, ವೈದ್ಯಕೀಯ ಓದಿಗಾಗಿ ಜಾರ್ಜಿಯಾ, ಕಜಕಸ್ತಾನ, ರಷ್ಯಾಗಳಿಗೆ ತೆರಳುವ ವಿದ್ಯಾರ್ಥಿಗಳು, ಹಜ್ ಮತ್ತು ಉಮ್ರಾ ಯಾತ್ರಿಕರು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು ಹೀಗೆ ನಾನಾ ಬಗೆಯ ಜನ ಈ ಸಾಲಿನಲ್ಲಿದ್ದಾರೆ. ಇವರಲ್ಲಿ ಹಲವರಿಗೆ ಅದು ಮೊದಲ ವಿಮಾನಯಾನ. ಒಂದು ತಪ್ಪು ಹೆಜ್ಜೆಗೆ ಸಾಲ ಮಾಡಿ ಕೊಂಡ ಟಿಕೆಟ್ಟಿನ ಹಣವೇ ನೀರುಪಾಲಾಗಬಹುದು. ಆದ್ದರಿಂದ ವಿಷಯವು ಸಣ್ಣದೆಂದು ತಳ್ಳಿಹಾಕುವಂಥದ್ದಲ್ಲ.

ಮನೆಯಿಂದ ನಿಲ್ದಾಣದವರೆಗೆ

ನಾಲ್ಕು ತಾಲೂಕು ಕೇಂದ್ರಗಳ ಪೈಕಿ ಶಿಗ್ಗಾಂವಿಯೊಂದೇ 48ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಸವಣೂರಿಗೆ ಯಲವಿಗಿಯ ರೈಲು ನಿಲ್ದಾಣವುಂಟು. ಹಾನಗಲ್ ಮತ್ತು ಹಿರೇಕೆರೂರಿಗೆ ರೈಲಿನ ಭಾಗ್ಯವಿಲ್ಲ. ಹತ್ತಿರದ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೇಶೀಯ ವಿಮಾನಗಳು ಮಾತ್ರ ಹಾರುತ್ತವೆ. ಅಲ್ಲಿನ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್ 10ರಂದು ಶಂಕುಸ್ಥಾಪನೆಯಾಗಿದೆ ನಿಜ. ಆದರೆ ವಲಸೆ ತಪಾಸಣೆ ಮತ್ತು ಕಸ್ಟಮ್ಸ್ ವ್ಯವಸ್ಥೆಯಿಲ್ಲದೆ ಕಟ್ಟಡವೊಂದರಿಂದಲೇ ಯಾವ ನಿಲ್ದಾಣವೂ ಅಂತಾರಾಷ್ಟ್ರೀಯವಾಗದು. ದೂರದ ಲೆಕ್ಕದಲ್ಲಿ ಹಾನಗಲ್, ಶಿಗ್ಗಾಂವಿಯವರಿಗೆ ಬೆಂಗಳೂರಿಗಿಂತ ಗೋವಾ ಸಮೀಪ. ದಾಬೋಳಿಯ ಜೊತೆಗೆ ಮೋಪಾ ನಿಲ್ದಾಣವೂ 2023ರ ಜನವರಿ 5ರಿಂದ ಕಾರ್ಯಾರಂಭ ಮಾಡಿದೆ. ಆದರೆ ಘಟ್ಟದ ರಸ್ತೆಯನ್ನು ಮಳೆಗಾಲದಲ್ಲಿ ನಂಬುವಂತಿಲ್ಲ. ಹೀಗಾಗಿ ಬಹುಪಾಲು ಜನರಿಗೆ ದೇವನಹಳ್ಳಿಯೇ ಗತಿ.

ಇಲ್ಲಿ ಮೊದಲ ಎಚ್ಚರಿಕೆ ಟರ್ಮಿನಲ್ ಕುರಿತದ್ದು. 2023ರ ಸೆಪ್ಟೆಂಬರ್‌ನಿಂದ ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ಗೆ ವರ್ಗಾವಣೆಗೊಂಡಿವೆ. ದೇಶೀಯ ವಿಮಾನಗಳು ಎರಡೂ ಟರ್ಮಿನಲ್‌ಗಳಲ್ಲಿ ಹಂಚಿಹೋಗಿವೆ. ಹುಬ್ಬಳ್ಳಿಯಿಂದ ಹಾರಿ ಬಂದು ವಿದೇಶದ ವಿಮಾನ ಹಿಡಿಯುವವರು ಒಂದು ಟರ್ಮಿನಲ್‌ನಲ್ಲಿ ಇಳಿದು ಮತ್ತೊಂದಕ್ಕೆ ಹೋಗಬೇಕಾಗಬಹುದು. ಮುಂಬೈಯಲ್ಲಿಯಂತೂ ಒಂದನೆಯ ಮತ್ತು ಎರಡನೆಯ ಟರ್ಮಿನಲ್‌ಗಳು ಬೇರೆ ಬೇರೆ ಬಡಾವಣೆಗಳಲ್ಲಿದ್ದು, ನಡುವಿನ ಹಾದಿ ನಗರದ ವಾಹನ ದಟ್ಟಣೆಯ ಮೂಲಕವೇ ಹೋಗುತ್ತದೆ. ಟಿಕೆಟ್ ಕೊಳ್ಳುವ ಮುನ್ನವೇ ಎರಡೂ ವಿಮಾನಗಳ ಟರ್ಮಿನಲ್ ಸಂಖ್ಯೆ ನೋಡಿಕೊಳ್ಳುವುದು ವಿವೇಕ.

ಎರಡನೆಯ ಎಚ್ಚರಿಕೆ ರಸ್ತೆಯದು. ಹೆದ್ದಾರಿಯಲ್ಲಿ ಬರುವ ಬಸ್ಸು ಮೆಜೆಸ್ಟಿಕ್‌ಗೆ ತಲುಪಿದ ಮೇಲೂ ವಿಮಾನ ನಿಲ್ದಾಣ ಸುಮಾರು 35 ಕಿಲೋಮೀಟರ್ ದೂರ ಉಳಿದಿರುತ್ತದೆ. ಅಲ್ಲಿಂದ ಬಿಎಂಟಿಸಿಯ ವಾಯುವಜ್ರ ಬಸ್ಸುಗಳಿವೆ. ಸ್ವಂತ ಅಥವಾ ಬಾಡಿಗೆ ವಾಹನದಲ್ಲಿ ಬರುವವರು ದಾಬಸ್‌ಪೇಟೆಯಲ್ಲಿಯೇ ಹೆದ್ದಾರಿ ಬಿಟ್ಟು, ದೊಡ್ಡಬಳ್ಳಾಪುರದ ಮೂಲಕ ದೇವನಹಳ್ಳಿ ಸೇರಿದರೆ ನಗರದ ನೂಕುನುಗ್ಗಲನ್ನು ಪೂರ್ತಿಯಾಗಿ ತಪ್ಪಿಸಬಹುದು. ಅಂತಾರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ವೇಳೆಗೆ ಒಂದು ತಾಸು ಮುಂಚೆ ಮುಚ್ಚುತ್ತದೆ. ಬಸ್ಸಿನ ಟಯರು ಒಡೆದ ಕಥೆಯನ್ನು ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ. ಬೆಳಗಿನ ವಿಮಾನಕ್ಕೆ ಹಿಂದಿನ ರಾತ್ರಿಯ ಬಸ್ಸನ್ನು ನೆಚ್ಚಿಕೊಳ್ಳುವುದಕ್ಕಿಂತ, ಹಿಂದಿನ ದಿನವೇ ಬೆಂಗಳೂರು ಸೇರಿ ತಂಗುವುದರಲ್ಲಿ ಖರ್ಚಿದ್ದರೂ ನಷ್ಟವಿಲ್ಲ.

ಒಂದೇ ಟಿಕೆಟ್ ಎಂಬ ರಕ್ಷಾಕವಚ

ಇಡೀ ಪ್ರಯಾಣವು ಒಂದೇ ಪಿಎನ್‌ಆರ್ ಸಂಖ್ಯೆಯಡಿಯಲ್ಲಿದೆಯೋ, ಬೇರೆ ಬೇರೆ ಟಿಕೆಟ್‌ಗಳಲ್ಲಿ ಹರಿದು ಹಂಚಿದೆಯೋ ಎಂಬುದೇ ಸಂಪರ್ಕ ವಿಮಾನದ ವಿಷಯದಲ್ಲಿ ತಿಳಿದಿರಬೇಕಾದ ಮೂಲಸೂತ್ರ. ಒಂದೇ ಟಿಕೆಟ್ಟಿನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ಸಂಸ್ಥೆಯದು. ಸಾಮಾನು ಸಹ ಸಾಮಾನ್ಯವಾಗಿ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ. ಬೇರೆ ಬೇರೆಯಾಗಿ ಕೊಂಡ ಎರಡು ಟಿಕೆಟ್‌ಗಳಲ್ಲಿ ಮೊದಲನೆಯ ಸಂಸ್ಥೆಯ ಹೊಣೆ ಇಳಿಸಿದಲ್ಲಿಗೆ ಮುಗಿಯಿತು. ಎರಡನೆಯ ಸಂಸ್ಥೆಯ ಕಣ್ಣಿಗೆ ನೀವು ‘ಬಾರದ ಪ್ರಯಾಣಿಕ’ ಅಷ್ಟೆ. ಕೆಲವು ಸಾವಿರ ರೂಪಾಯಿ ಉಳಿಸಲು ಟಿಕೆಟ್ ತುಂಡರಿಸಿ ಕೊಡುವ ಏಜೆಂಟರು ಈ ವಿಷಯವನ್ನು ಬಾಯಿಬಿಟ್ಟು ಹೇಳುವುದು ಅಪರೂಪ.

ಇದರ ಬಿಸಿ ಎಂಥದೆಂಬುದನ್ನು 2025ರ ಡಿಸೆಂಬರ್ ಮೊದಲ ವಾರ ತೋರಿಸಿಕೊಟ್ಟಿತು. ಪೈಲಟ್‌ಗಳ ಕರ್ತವ್ಯದ ಅವಧಿಗೆ ಸಂಬಂಧಿಸಿದ ಹೊಸ ನಿಯಮಗಳಿಗೆ ತಕ್ಕ ಸಿದ್ಧತೆಯಿಲ್ಲದೆ ಇಂಡಿಗೊ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಲಿಲ್ಲ. ಭುವನೇಶ್ವರದಿಂದ ಬರಬೇಕಿದ್ದ ವಧೂವರರು ಹುಬ್ಬಳ್ಳಿಯಲ್ಲಿ ಏರ್ಪಾಡಾಗಿದ್ದ ತಮ್ಮದೇ ಆರತಕ್ಷತೆಗೆ ವಿಡಿಯೊ ಪರದೆಯ ಮೂಲಕ ಹಾಜರಾದ ಸುದ್ದಿ ದೇಶದ ಗಮನ ಸೆಳೆಯಿತು. ಆರತಕ್ಷತೆಯನ್ನು ಪರದೆಯ ಮೇಲೆ ಮುಗಿಸಬಹುದು. ಕೆಲಸಕ್ಕೆ ಹಾಜರಾಗುವುದನ್ನು ಹಾಗೆ ಮುಗಿಸಲಾಗದು. ದೇಶೀಯ ವಿಮಾನವನ್ನು ಪ್ರತ್ಯೇಕವಾಗಿ ಕೊಂಡು ವಿದೇಶದ ವಿಮಾನಕ್ಕೆ ಹೊಂದಿಸಿಕೊಂಡವರಿಗೆ ಇಂಥ ದಿನಗಳಲ್ಲಿ ಇಮ್ಮಡಿ ನಷ್ಟ.

ನಡುವಿನ ಸಮಯ ಎಷ್ಟಿರಬೇಕು? ಒಂದೇ ಟಿಕೆಟ್, ಒಂದೇ ಟರ್ಮಿನಲ್ ಆದರೆ ಎರಡರಿಂದ ಮೂರು ತಾಸು ಸಮಾಧಾನಕರ. ಟರ್ಮಿನಲ್ ಬದಲಾಗುವುದಿದ್ದರೆ ಅಥವಾ ವಲಸೆ ತಪಾಸಣೆಯನ್ನು ನಡುವೆಯೇ ದಾಟಬೇಕಿದ್ದರೆ ನಾಲ್ಕು ತಾಸಾದರೂ ಬೇಕು. ಪ್ರತ್ಯೇಕ ಟಿಕೆಟ್‌ಗಳಾದರೆ ತಾಸಿನ ಲೆಕ್ಕ ಬಿಟ್ಟು ಒಂದು ರಾತ್ರಿಯ ಅಂತರ ಇಟ್ಟುಕೊಳ್ಳುವುದೇ ಲೇಸು.

ದಾಟುವ ದೇಶವೂ ಒಂದು ದೇಶವೇ

ನಡುವೆ ಇಳಿಯುವ ದೇಶಕ್ಕೆ ವೀಸಾ ಬೇಡವೆಂಬ ನಂಬಿಕೆ ಅಪಾಯಕಾರಿ. ಅಮೆರಿಕದ ನೆಲದಲ್ಲಿ ವಿಮಾನ ಬದಲಿಸಲು ಸಹ ಭಾರತೀಯರಿಗೆ ವೀಸಾ ಬೇಕೇಬೇಕು. ಬ್ರಿಟನ್‌ನಲ್ಲಿ ನಿಲ್ದಾಣದೊಳಗೇ ಉಳಿದು ವಿಮಾನ ಬದಲಿಸುವವರಿಗೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಪ್ರತ್ಯೇಕ ಅನುಮತಿಯ ನಿಯಮವಿದೆ. ಯುರೋಪಿನ ದೇಶಗಳ ನಿಯಮಗಳು ಒಂದೊಂದು ಕಡೆ ಒಂದೊಂದು ತೆರನಾಗಿದ್ದು ಆಗಾಗ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ದಿನವೇ ಆಯಾ ದೂತಾವಾಸದ ಅಧಿಕೃತ ತಾಣವನ್ನು ನೋಡಬೇಕು. ಪ್ರತ್ಯೇಕ ಟಿಕೆಟ್ ಇದ್ದವರ ಪಾಡು ಇಲ್ಲಿಯೂ ಕಷ್ಟವೇ. ನಡುವಿನ ಊರಲ್ಲಿ ಸಾಮಾನು ಪಡೆಯಲು ವಲಸೆ ಗಡಿ ದಾಟಬೇಕು, ಅದಕ್ಕೆ ಆ ದೇಶದ ವೀಸಾ ಬೇಕು. ವೀಸಾ ಇಲ್ಲದವರು ಸಾಮಾನನ್ನು ಮುಟ್ಟಲಾರರು.

ಸಾಮಾನಿನ ಮತ್ತೊಂದು ನಿಯಮವೂ ಗಮನಾರ್ಹ. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ಅಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿಯೇ ಚೀಲಗಳನ್ನು ಪಡೆದು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ವಿದೇಶದಿಂದ ಮುಂಬೈ ಅಥವಾ ಬೆಂಗಳೂರಿನ ಮೂಲಕ ಹುಬ್ಬಳ್ಳಿಗೆ ಮರಳುವವರಿಗೂ ಇದೇ ಪದ್ಧತಿ. ಹುಬ್ಬಳ್ಳಿಯಲ್ಲಿ ಕಸ್ಟಮ್ಸ್ ಇಲ್ಲ. ಚೀಲ ಬಾರದಿದ್ದರೆ ನಿಲ್ದಾಣ ಬಿಡುವ ಮುನ್ನವೇ ಸಂಸ್ಥೆಯ ಕೌಂಟರಿನಲ್ಲಿ ಲಿಖಿತ ದೂರು ದಾಖಲಿಸಿ ಅದರ ಪ್ರತಿ ಪಡೆಯಬೇಕು. ಭಾರತವು 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಹಾನಿಗೊಂಡ ಸಾಮಾನಿನ ಬಗ್ಗೆ 7 ದಿನಗಳೊಳಗೆ, ತಡವಾಗಿ ಬಂದ ಸಾಮಾನಿನ ಬಗ್ಗೆ ಅದು ಕೈಸೇರಿದ 21 ದಿನಗಳೊಳಗೆ ಲಿಖಿತವಾಗಿ ದೂರಬೇಕು. ಗಡುವು ಮೀರಿದರೆ ಪರಿಹಾರದ ಹಕ್ಕೂ ಮೀರಿತು.

ಹತ್ತನೇ ತರಗತಿ ಪಾಸಾಗದೆ ದುಡಿಯಲು ಹೋಗುವವರಿಗೆ ಇನ್ನೊಂದು ಗೇಟು ಉಂಟು. ಅಂಥವರ ಪಾಸ್‌ಪೋರ್ಟಿನಲ್ಲಿ ‘ವಲಸೆ ಅನುಮತಿ ಅಗತ್ಯ’ ಎಂಬ ಷರಾ ಇರುತ್ತದೆ. 1983ರ ವಲಸೆ ಕಾಯಿದೆಯಂತೆ, ಕೊಲ್ಲಿ ರಾಷ್ಟ್ರಗಳನ್ನೊಳಗೊಂಡು 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವ ಮುನ್ನ ಇವರು ‘ಇ-ಮೈಗ್ರೇಟ್’ ವ್ಯವಸ್ಥೆಯ ಮೂಲಕ ಅನುಮತಿ ಪಡೆಯಬೇಕು. ಪ್ರವಾಸಿ ವೀಸಾದಲ್ಲಿ ಕಳುಹಿಸುತ್ತೇವೆ, ಅಲ್ಲಿ ಹೋದ ಮೇಲೆ ಸರಿಮಾಡೋಣ ಎನ್ನುವ ದಲ್ಲಾಳಿಯ ಮಾತಿಗೆ ಮರುಳಾದವರ ಪ್ರಯಾಣ ವಲಸೆ ಕೌಂಟರಿನಲ್ಲಿಯೇ ಮುಗಿಯಬಹುದು.

ಪ್ಲಗ್ಗಿನೊಳಗಿನ ಇತಿಹಾಸ

ವಿಮಾನ ಹಿಡಿದು, ಗಡಿ ದಾಟಿ, ಕೋಣೆ ಸೇರಿದ ಮೇಲೆ ಎದುರಾಗುವ ಮೊದಲ ಪರದೇಶಿ ವಸ್ತು ಗೋಡೆಯ ಮೇಲಿನ ಸಾಕೆಟ್ಟು. ನಮ್ಮ ಮನೆಗಳ ಮೂರು ದುಂಡು ಕಡ್ಡಿಗಳ ‘ಡಿ’ ಮಾದರಿಯ ಪ್ಲಗ್ಗು ಬ್ರಿಟಿಷರ ಹಳೆಯ ಮಾನದಂಡದ ಬಳುವಳಿ. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ಬ್ರಿಟನ್ ಚಪ್ಪಟೆ ಕಡ್ಡಿಗಳ, ಒಳಗೆ ಫ್ಯೂಸ್ ಇರುವ ಹೊಸ ಮಾದರಿಯನ್ನು ರೂಪಿಸಿಕೊಂಡಿತು. ಅದೇ ವರ್ಷ ಸ್ವತಂತ್ರವಾದ ಭಾರತವು ಹಳೆಯದನ್ನೇ ಉಳಿಸಿಕೊಂಡಿತು. ಹೊಸತಾದ ‘ಜಿ’ ಮಾದರಿ ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್, ಸೌದಿ ಅರೇಬಿಯಾ, ಸಿಂಗಪುರ, ಮಲೇಷ್ಯಾಗಳಲ್ಲಿ ನೆಲೆಯೂರಿತು. ಜಗತ್ತಿಗೆಲ್ಲ ಒಂದೇ ಪ್ಲಗ್ಗು ಇರಲೆಂದು ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1986ರಲ್ಲಿ ಒಂದು ಮಾನದಂಡ ಪ್ರಕಟಿಸಿತಾದರೂ, ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾಗಳ ಹೊರತು ಅದಕ್ಕೆ ಹೆಚ್ಚು ಮನ್ನಣೆ ಸಿಗಲಿಲ್ಲ. ಈ ಅನೈಕ್ಯದ ಬೆಲೆಯನ್ನು ಪ್ರಯಾಣಿಕನೇ ತೆರಬೇಕಾಗಿದೆ.

ಸ್ಥೂಲವಾಗಿ ಲೆಕ್ಕ ಹೀಗೆ: ಕೊಲ್ಲಿ ರಾಷ್ಟ್ರಗಳು, ಬ್ರಿಟನ್, ಸಿಂಗಪುರ, ಮಲೇಷ್ಯಾಕ್ಕೆ ಚಪ್ಪಟೆಯಾದ ಮೂರು ಕಡ್ಡಿಗಳ ‘ಜಿ’ ಅಡಾಪ್ಟರ್. ಜರ್ಮನಿ, ರಷ್ಯಾ, ಉಕ್ರೇನ್, ಜಾರ್ಜಿಯಾ, ಕಜಕಸ್ತಾನಗಳಿಗೆ ಎರಡು ದುಂಡು ಕಡ್ಡಿಗಳ ‘ಸಿ’ ಅಥವಾ ‘ಎಫ್’. ಅಮೆರಿಕ, ಕೆನಡಾಗಳಿಗೆ ‘ಎ’ ಅಥವಾ ‘ಬಿ’. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಓರೆ ಕಡ್ಡಿಗಳ ‘ಐ’. ಇವನ್ನು ಹುಬ್ಬಳ್ಳಿ, ಬೆಂಗಳೂರಿನ ವಿದ್ಯುತ್ ಸಾಮಗ್ರಿಗಳ ಅಂಗಡಿಗಳಲ್ಲಿಯೇ ಕೊಂಡುಕೊಳ್ಳುವುದು ಲೇಸು. ವಿಮಾನ ನಿಲ್ದಾಣದ ಮಳಿಗೆಯಲ್ಲಿ ಅದೇ ವಸ್ತುವಿನ ಬೆಲೆ ಹಲವು ಪಟ್ಟು.

ಅಡಾಪ್ಟರ್ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ ಎಂಬುದನ್ನು ಮರೆಯಲಾಗದು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದು ಅಚ್ಚಾಗಿದ್ದರೆ ಅದು ಎಲ್ಲಿಯೂ ನಡೆಯುತ್ತದೆ. ಆದರೆ ಮಿಕ್ಸರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಅನ್ನದ ಕುಕ್ಕರ್‌ಗಳು ಸಾಮಾನ್ಯವಾಗಿ 230 ವೋಲ್ಟಿಗೆಂದೇ ತಯಾರಾದವು. ಅಮೆರಿಕದ 120 ವೋಲ್ಟಿನಲ್ಲಿ ನಮ್ಮ ಕಾಯಿಲ್ ತನ್ನ ಶಕ್ತಿಯ ಸುಮಾರು ಕಾಲುಭಾಗವಷ್ಟೇ ಕೆಲಸ ಮಾಡುತ್ತದೆ; ವೋಲ್ಟೇಜ್ ಅರ್ಧವಾದಾಗ ಶಾಖವು ಕಾಲುಭಾಗಕ್ಕೆ ಇಳಿಯುವುದು ನಿಯಮ. ಅದೇ ನಿಯಮದಂತೆ ಅಲ್ಲಿಂದ ತಂದ ಇಸ್ತ್ರಿಪೆಟ್ಟಿಗೆಯನ್ನು ಇಲ್ಲಿ ಚುಚ್ಚಿದರೆ ಮೂರೂವರೆ ಪಟ್ಟಿಗೂ ಮಿಕ್ಕಿದ ಶಕ್ತಿ ನುಗ್ಗಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅಮೆರಿಕದ ಮಗಳ ಮನೆಗೆ ಮಿಕ್ಸರ್ ಒಯ್ಯುವ ತಾಯಂದಿರು 110 ವೋಲ್ಟಿನ ಮಾದರಿಯನ್ನೇ ಕೇಳಿ ಪಡೆಯಬೇಕು.

ಕೊಲ್ಲಿಯ ಕಾರ್ಮಿಕ ವಸತಿಗಳಲ್ಲಿ ರೂಢಿಯಲ್ಲಿರುವ ಅಪಾಯಕರ ಅಭ್ಯಾಸವೊಂದನ್ನು ಇಲ್ಲಿ ಹೇಳಲೇಬೇಕು. ‘ಜಿ’ ಸಾಕೆಟ್ಟಿನ ಕೆಳಗಿನ ಎರಡು ರಂಧ್ರಗಳಿಗೆ ಒಳಗೆ ಮುಚ್ಚಳವಿರುತ್ತದೆ. ಉದ್ದನೆಯ ಅರ್ಥಿಂಗ್ ಕಡ್ಡಿ ಮೇಲಿನ ರಂಧ್ರದಲ್ಲಿ ಹೊಕ್ಕಾಗ ಮಾತ್ರ ಅದು ತೆರೆದುಕೊಳ್ಳುವಂತೆ ರೂಪಿಸಲಾಗಿದೆ. ಅಡಾಪ್ಟರ್ ಇಲ್ಲದವರು ಆ ರಂಧ್ರಕ್ಕೆ ಪೆನ್ನನ್ನು ತುರುಕಿ, ಊರಿನ ಎರಡು ಕಡ್ಡಿಯ ಚಾರ್ಜರನ್ನು ಬಲವಂತವಾಗಿ ಸಿಕ್ಕಿಸುತ್ತಾರೆ. ಸಡಿಲ ಸಂಪರ್ಕದಿಂದ ಕಿಡಿ ಹಾರುವ, ಪ್ಲಾಸ್ಟಿಕ್ ಕರಗುವ ಭಯ ಇದರಲ್ಲಿದೆ. ಹಲವು ಹಾಸಿಗೆಗಳ ಒಂದೇ ಕೋಣೆಯಲ್ಲಿ ಆ ಕಿಡಿ ಒಬ್ಬನ ಸಮಸ್ಯೆಯಾಗಿ ಉಳಿಯದು. ಒಂದು ಒಳ್ಳೆಯ ಅಡಾಪ್ಟರಿಗೆ ಊರಿನ ಎಕ್ಸ್‌ಟೆನ್ಶನ್ ಬೋರ್ಡ್ ಜೋಡಿಸಿದರೆ ಮೂರ್ನಾಲ್ಕು ಮೊಬೈಲುಗಳಿಗೆ ಸಾಕಾಗುತ್ತದೆ. ಆದರೆ ಅದೇ ಬೋರ್ಡಿಗೆ ಕುಕ್ಕರ್ ಹಾಕಬಾರದು.

ಪವರ್ ಬ್ಯಾಂಕ್, ಎಲೆ ಮತ್ತು ಗಸಗಸೆ

ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ. 100 ವ್ಯಾಟ್ ಅವರ್ ಸಾಮಾನ್ಯ ಮಿತಿ. 20,000 ಎಂಎಎಚ್‌ನ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್ ಅವರ್ ಆಗುವುದರಿಂದ ಅಡ್ಡಿಯಿಲ್ಲ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಏರ್ ಬುಸಾನ್ ವಿಮಾನವೊಂದು ನೆಲದ ಮೇಲಿದ್ದಾಗಲೇ ಬೆಂಕಿಗೆ ಆಹುತಿಯಾದ ನಂತರ ಹಲವು ಸಂಸ್ಥೆಗಳು ನಿಯಮ ಬಿಗಿಗೊಳಿಸಿವೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿತು. ಮೊಬೈಲನ್ನು ನಿಲ್ದಾಣದಲ್ಲಿಯೇ ತುಂಬಿಸಿಕೊಂಡು ಏರುವುದು ಜಾಣತನ.

ಇನ್ನು ಬುತ್ತಿಯ ವಿಚಾರ. ಉಪ್ಪಿನಕಾಯಿ, ಖಾರದಪುಡಿಗಳು ಕೈಚೀಲದಲ್ಲಿರದೆ ಚೆಕ್-ಇನ್ ಸಾಮಾನಿನಲ್ಲಿರಲಿ. ಸವಣೂರಿನ ವೀಳ್ಯದೆಲೆಗೆ ನಾಡಿನಲ್ಲೆಲ್ಲ ಹೆಸರಿದೆ. ಆದರೆ ದುಬೈ ಕಸ್ಟಮ್ಸ್ ಕಣ್ಣಿನಲ್ಲಿ ವೀಳ್ಯದೆಲೆ ನಿಷೇಧಿತ ವಸ್ತು. ನಮ್ಮ ಅಡುಗೆಮನೆಯ ಗಸಗಸೆಯನ್ನು ಕೊಲ್ಲಿಯಲ್ಲಿ ಮಾದಕ ವಸ್ತುವಿನ ಸಾಲಿನಲ್ಲಿಟ್ಟು ನೋಡಲಾಗುತ್ತದೆ. ಜೈಲಿಗೂ ಅದು ದಾರಿಯಾಗಬಹುದು. ‘ನಮ್ಮ ಹುಡುಗನಿಗೆ ಒಂದು ಪೊಟ್ಟಣ ಮುಟ್ಟಿಸಿಬಿಡಿ’ ಎಂದು ನೆರೆಯವರು ಕೊಡುವ ಗಂಟನ್ನು ಬಿಚ್ಚಿ ನೋಡದೆ ಒಯ್ಯುವುದು ಸೌಜನ್ಯವಲ್ಲ, ಅವಿವೇಕ.

ಆಕಾಶ ಮುಚ್ಚಿದ ದಿನಗಳು

ಇವೆಲ್ಲ ಕೇವಲ ಅನುಕೂಲದ ಮಾತುಗಳೆಂದು ಭಾವಿಸುವವರಿಗೆ ಹಾವೇರಿ ಜಿಲ್ಲೆಯ ಅನುಭವವೇ ಉತ್ತರ. 2022ರ ಫೆಬ್ರುವರಿ 24ರಂದು ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿತು. ಕೈಯಲ್ಲಿದ್ದ ಟಿಕೆಟ್‌ಗಳು ಕಾಗದದ ಚೂರುಗಳಾದವು. ಮಾರ್ಚ್ 1ರಂದು, ಹಿರೇಕೆರೂರಿನ ನೆರೆಯ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಆಹಾರಕ್ಕೆಂದು ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದ. ಆತನ ಪಾರ್ಥಿವ ಶರೀರ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ‘ಆಪರೇಷನ್ ಗಂಗಾ’ ಸೇರಿ ಆ ದಿನಗಳಲ್ಲಿ ಸುಮಾರು 22,500 ಭಾರತೀಯರು ಮರಳಿದರು. ಮರಳಿದವರಲ್ಲಿ ಬಹುತೇಕರು ರೊಮೇನಿಯಾ, ಹಂಗೇರಿ, ಪೋಲೆಂಡ್, ಸ್ಲೊವಾಕಿಯಾಗಳ ಗಡಿಯವರೆಗೆ ತಾವಾಗಿಯೇ ಹೋಗಬೇಕಾಯಿತು. ಆಗ ಅವರ ಪಾಲಿಗೆ ದೂತಾವಾಸದ ಸೂಚನೆಯೂ, ಮನೆಯವರ ಧ್ವನಿಯೂ, ದಾರಿಯ ನಕ್ಷೆಯೂ ಒಂದು ಮೊಬೈಲಿನೊಳಗೇ ಇದ್ದವು. ಅದರ ಬ್ಯಾಟರಿಯಲ್ಲಿ ಎಷ್ಟು ಶೇಕಡಾ ಉಳಿದಿದೆ ಎಂಬುದು ಅಂಥ ವೇಳೆ ಸಣ್ಣ ಪ್ರಶ್ನೆಯಲ್ಲ.

ಕೊಲ್ಲಿಯ ಆಕಾಶವೂ ಸದಾ ತೆರೆದಿರುತ್ತದೆಂದು ನಂಬುವಂತಿಲ್ಲ. 2025ರ ಜೂನ್ 23ರಂದು ಕತಾರಿನ ಅಲ್ ಉದೈದ್ ವಾಯುನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ದೋಹಾದ ಆಕಾಶ ಮುಚ್ಚಿ, ವಿಮಾನಗಳು ದಾರಿ ಬದಲಿಸಿದವು. ಪಾಸ್‌ಪೋರ್ಟ್, ವೀಸಾ, ಟಿಕೆಟ್‌ಗಳ ಕಾಗದದ ಪ್ರತಿ, ಎರಡು ದಿನಕ್ಕಾಗುವ ಔಷಧ, ಸ್ವಲ್ಪ ಡಾಲರ್, ಅಡಾಪ್ಟರ್ ಮತ್ತು ಚಾರ್ಜರ್ ಇವಿಷ್ಟು ಚೆಕ್-ಇನ್ ಚೀಲದಲ್ಲಿರದೆ ಕೈಚೀಲದಲ್ಲಿರಬೇಕು. ತಲುಪಿದ ವಾರದೊಳಗೆ ಭಾರತೀಯ ದೂತಾವಾಸದಲ್ಲಿ ಹೆಸರು ನೋಂದಾಯಿಸುವುದನ್ನು ವಿದ್ಯಾರ್ಥಿಗಳು ತಪ್ಪಿಸಬಾರದು.

ಸರ್ಕಾರದ ಪಾಲೆಷ್ಟು?

ಎಚ್ಚರಿಕೆಯ ಭಾರವನ್ನೆಲ್ಲ ಪ್ರಯಾಣಿಕನ ತಲೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನಗರದ ಅನುಭವಿ ಯಾತ್ರಿಕನಿಗೆ ಸೌಲಭ್ಯಗಳು ಒಂದರ ಮೇಲೊಂದು ಬರುತ್ತಿವೆ. ವಲಸೆ ತಪಾಸಣೆಯನ್ನು ತ್ವರಿತಗೊಳಿಸುವ ‘ವಿಶ್ವಾಸಾರ್ಹ ಪ್ರಯಾಣಿಕ’ ಯೋಜನೆಯು 2025ರ ಜನವರಿಯಿಂದ ಬೆಂಗಳೂರಿಗೂ ವಿಸ್ತರಿಸಿದ್ದು, ಅದಕ್ಕೆ ಶುಲ್ಕವಿಲ್ಲ. ಆದರೆ ಅಂತರ್ಜಾಲದಲ್ಲಿ ಮೊದಲೇ ನೋಂದಾಯಿಸಿಕೊಳ್ಳಬೇಕೆಂಬುದು ಹಾನಗಲ್ಲಿನ ಮೊದಲ ಬಾರಿಯ ಪ್ರಯಾಣಿಕನಿಗೆ ಯಾರು ಹೇಳಬೇಕು?

ಮಾಡಬಹುದಾದ ಕೆಲಸಗಳು ದೊಡ್ಡ ವೆಚ್ಚದವೇನಲ್ಲ. ಹಾವೇರಿಯಿಂದ ನಗರದೊಳಗೆ ಹೋಗದೆ ದಾಬಸ್‌ಪೇಟೆಯ ಮೂಲಕ ನೇರವಾಗಿ ವಿಮಾನ ನಿಲ್ದಾಣ ಸೇರುವ ರಾತ್ರಿ ಬಸ್ಸೊಂದನ್ನು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಓಡಿಸಬಹುದು. ಹಜ್ ಯಾತ್ರಿಕರಿಗೆ ಪ್ರತಿವರ್ಷ ತರಬೇತಿ ಶಿಬಿರ ನಡೆಯುವಂತೆ, ವಿದೇಶಕ್ಕೆ ಹೊರಡುವ ಕಾರ್ಮಿಕರು ಮತ್ತು ವಿದ್ಯಾರ್ಥಿಗಳಿಗೂ ತಾಲೂಕು ಮಟ್ಟದಲ್ಲಿ ಒಂದು ದಿನದ ಶಿಬಿರ ನಡೆಸಬಹುದು. ವಲಸೆ ಅನುಮತಿ, ಟಿಕೆಟ್ಟಿನ ಹಕ್ಕುಗಳು, ನಿಷೇಧಿತ ವಸ್ತುಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೇ ಹಂಚಬಹುದು. ಬಿಡಿಯಾಗಿ ಮಾರಿದ ಟಿಕೆಟ್‌ಗಳು ಪರಸ್ಪರ ಸಂಬಂಧವಿಲ್ಲದವೆಂಬುದನ್ನು ಏಜೆಂಟರು ಲಿಖಿತವಾಗಿ ತಿಳಿಸುವಂತೆ ಕಡ್ಡಾಯಗೊಳಿಸಬಹುದು. ಹುಬ್ಬಳ್ಳಿಯ ಹೊಸ ಟರ್ಮಿನಲ್ ಸಿದ್ಧವಾಗುವ ಹೊತ್ತಿಗೆ ವಲಸೆ ಮತ್ತು ಕಸ್ಟಮ್ಸ್ ಸಿಬ್ಬಂದಿಯ ಬೇಡಿಕೆಯೂ ದೆಹಲಿಯ ಮೇಜು ತಲುಪಿರಬೇಕು. ಅದು ಈ ಭಾಗದ ಜನಪ್ರತಿನಿಧಿಗಳ ಹೊಣೆ.

ಹಾವೇರಿ ಜಿಲ್ಲೆಯಾಗಿ 1997ರಲ್ಲಿ ರೂಪುಗೊಂಡಿತು. ಕಾಲು ಶತಮಾನ ಕಳೆದರೂ ಇಲ್ಲಿಂದ ಜಗತ್ತಿಗೆ ಹೊರಡುವ ದಾರಿಯ ಮೊದಲ ಮುನ್ನೂರೈವತ್ತು ಕಿಲೋಮೀಟರ್‌ಗೆ ಯಾರೂ ಹೊಣೆಗಾರರಿಲ್ಲ. ಮುಂದಿನ ಮೂರು ಸಾವಿರ ಕಿಲೋಮೀಟರ್‌ಗೆ ಟಿಕೆಟ್ಟಿನಲ್ಲಿ ಭರವಸೆ ಅಚ್ಚಾಗಿರುತ್ತದೆ. ಆ ಭರವಸೆ ಊರ ಬಸ್ ನಿಲ್ದಾಣದಿಂದಲೇ ಆರಂಭವಾಗುವವರೆಗೆ, ಒಂದೇ ಪಿಎನ್‌ಆರ್, ಒಂದು ದಿನ ಮುಂಚಿನ ಪ್ರಯಾಣ ಮತ್ತು ಕೈಚೀಲದಲ್ಲೊಂದು ಸರಿಯಾದ ಅಡಾಪ್ಟರ್ ಈ ಮೂರೇ ನಾಲ್ಕು ತಾಲೂಕುಗಳ ವಿದೇಶಯಾನಿಗಳಿಗಿರುವ ಭದ್ರತೆ.